ಟ್ರಿಪ್ಪಿನ ಅಳತಿ ಯಾರದಿರಬೇಕು?

ನಾಲ್ಕು ದಿನದಾಗ ಆರು ಊರು ನೋಡಿ ಬರ್ತೀವಿ ಅನ್ನೂದು ಟ್ರಿಪ್ ಅಲ್ರೀ, ಅದು ಪೋಸ್ಟ್‌ಮನ್ ಕೆಲಸ. ಈ ಊರಾಗ ಇಳಿ, ಆ ಊರಾಗ ಹತ್ತು, ಒಂದು ಫೋಟೋ ತಗೊಂಡು ಮುಂದ ನಡಿ. ನಮ್ಮ ಭಿಶಿ ಗುಂಪಿನ ಆರು ಮಂದಿ ಮಾರ್ಗಶಿರದಾಗ ರೈಲಿನ್ಯಾಗ ಎಲ್ಲೆರ ಹೋಗಿ ಬರೂಣು ಅಂತ ಮಾತು ತಗದದ್ದ ತಡ, ಫೋನಿನ್ಯಾಗ ಪ್ಲಾನ್ ಬಂದು ಬೀಳಾಕ ಹತ್ತಿದ್ವು. ಒಬ್ಬಾಕಿ ಮಗ ಬೆಂಗಳೂರಿಂದ ತಾಸು ತಾಸಿನ ಲೆಕ್ಕ ಹಾಕಿ ಎಕ್ಸೆಲ್ ಶೀಟ್ ಕಳಿಸ್ಯಾನ. ಇನ್ನೊಬ್ಬಾಕಿ ಮನಿಯವ್ರು ಹಂಪಿ, ಬದಾಮಿ, ವಿಜಯಪುರ, ಸೊಲ್ಲಾಪುರ, ತುಳಜಾಪುರ, ಪಂಢರಪುರ ಎಲ್ಲಾನೂ ಒಂದ ದಾರಕ್ಕ ಪೋಣಿಸ್ಯಾರ. ಅವರ ಪ್ರೀತಿ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರ ಆ ಪ್ಲಾನಿನ್ಯಾಗ ಯಾರ ಮೊಣಕಾಲೂ ಇಲ್ಲ, ಯಾರ ಶುಗರ್ ಗುಳಿಗೀನೂ ಇಲ್ಲ, ಕೈಯಾಗ ರೊಕ್ಕ ಕಡಿಮಿ ಇರೂ ಗೆಳತಿ ಅಂತೂ ಇಲ್ಲೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟ. ಗೆಳತ್ಯಾರ ಟ್ರಿಪ್ ಅಂದ್ರ ಅದರ ಅಳತಿ ಗುಂಪಿನ್ಯಾಗ ಎಲ್ಲಾರಕಿಂತ ನಿಧಾನ ನಡಿಯಾಕಿದು, ಎಲ್ಲಾರಕಿಂತ ಹಗೂರ ಪರ್ಸಿನಾಕಿದು ಇರಬೇಕು. ಗಟ್ಟಿ ಕಾಲಿನಾಕಿ ಅಳತಿಗೆ ಪ್ಲಾನ್ ಮಾಡಿ, ಉಳದಾಕಿನ್ನ ಎಳಕೊಂಡು ಹೋಗೂದಲ್ಲ.

ನೀವು ನೋಡಿರ್ತೀರಿ, ಪ್ರತಿ ಸಲ ಒಬ್ಬಾಕಿ ಇರ್ತಾಳ. "ನೀವು ಹೋಗಿ ಬರ್ರಿ, ನಮ್ಮ ಮನ್ಯಾಗ ಕೆಲಸ ಭಾಳ ಐತಿ, ಅತ್ತಿಯವ್ರಿಗೆ ಆರಾಮಿಲ್ಲ" ಅಂತಾಳ. ಕೆಲಸ ಎಲ್ಲಾರ ಮನ್ಯಾಗೂ ಐತಿ, ಅತ್ತಿಯವ್ರೂ ಎಲ್ಲಾರಿಗೂ ಅದಾರ. ಖರೇ ಕಾರಣ ರೊಕ್ಕ ಇರ್ತೈತಿ, ಇಲ್ಲಾ ಮೊಣಕಾಲು ಇರ್ತೈತಿ, ಇಲ್ಲಾ ತಾಸಿಗೊಮ್ಮೆ ಬಾತ್‌ರೂಮಿಗೆ ಹೋಗಬೇಕಾಗ್ತೈತಿ ಅನ್ನೂದು ಇರ್ತೈತಿ. ಈ ಮೂರೂ ಬಾಯಿ ಬಿಟ್ಟು ಹೇಳೂ ಮಾತಲ್ಲ. ಅದಕ್ಕ ಆಕಿ ಹೇಳೂಮಟ ಕಾಯಬಾರದು. ಹೇಳೂ ಪ್ರಸಂಗನ ಬರದಂಗ ಪ್ಲಾನ್ ಮಾಡಬೇಕು.

ಮೊದಲು ರೊಕ್ಕದ ಮಾತು. ಎಲ್ಲಾರೂ ಕುಂತು "ಎಷ್ಟು ಹಾಕೂಣು?" ಅಂತ ಬಾಯಿಲೆ ಕೇಳಿದ್ರ, ಉಳ್ಳಾಕಿ ಐದು ಸಾವಿರ ಅಂತಾಳ, ಇಲ್ಲದಾಕಿ ತಲಿ ಹಾಕ್ತಾಳ. ಮನಿಗೆ ಹೋಗಿ ಎರಡು ದಿನ ಬಿಟ್ಟು "ನನಗ ಬರಾಕ ಆಗೂದಿಲ್ಲ" ಅಂತ ಮೆಸೇಜ್ ಹಾಕ್ತಾಳ. ಅದರ ಬದ್ಲಿ ಒಂದು ಡಬ್ಬಿ ಇಡೂಣು. ಹೆಸರು ಬರಿಯೂದು ಬ್ಯಾಡ. ತಿಂಗಳಾ ಎಷ್ಟು ತಗದಿಡಾಕ ಆಗ್ತೈತಿ ಅನ್ನೂ ಅಂಕಿ ಒಂದ ಬರದು ಚೀಟಿ ಹಾಕ್ರಿ. ಅದರಾಗ ಎಲ್ಲಾಕಿಂತ ಸಣ್ಣ ಅಂಕಿ ಯಾವುದು ಬರ್ತೈತಿ, ಅದ ಎಲ್ಲಾರ ಅಂಕಿ. 700 ಬಂದ್ರ 700. ಆರು ತಿಂಗಳು ಕೂಡಿಸಿದ್ರ ಒಬ್ಬಾಕಿದು 4,200, ಆರು ಮಂದಿದು 25,200. ಅಷ್ಟರಾಗ ಎಲ್ಲಿ ಹೋಗಾಕ ಆಗ್ತೈತಿ ಅಂತ ಆಮ್ಯಾಲೆ ನೋಡೂದು. ಮೊದಲು ಊರು ಗೊತ್ತು ಮಾಡಿ ಆಮ್ಯಾಲೆ ರೊಕ್ಕ ಹೊಂದಸೂದು ನಮ್ಮಂಥ ಮನೆತನಕ್ಕ ಉಲ್ಟಾ ಲೆಕ್ಕ.

"ಹಂಗ್ಯಾಕ, ಆಕಿ ಪಾಲು ನಾ ಕೊಡ್ತೀನಿ ಬಿಡ್ರಿ" ಅನ್ನೂ ದೊಡ್ಡ ಮನಸ್ಸಿನವ್ರು ನಮ್ಮಾಗ ಅದಾರ. ಅವ್ರಿಗೆ ನಾ ಕೈ ಮುಗದು ಹೇಳ್ತೀನಿ, ಬ್ಯಾಡ್ರಿ. ಹಂಗ ರೊಕ್ಕ ಕೊಡಿಸ್ಕೊಂಡು ಬಂದಾಕಿ ಹಾದಿ ತುಂಬ ಏನ ಮಾಡ್ತಾಳ ಗೊತ್ತೈತಿ? ಎಲ್ಲಾರ ಬಾಟ್ಲಿ ನೀರು ತುಂಬತಾಳ, ಎಲ್ಲಾರಿಗೂ ಬಡಸ್ತಾಳ, ಮ್ಯಾಲಿನ ಬರ್ತ್ ತಾನ ತಗೋತಾಳ, ಚೀಲ ಕಾಯ್ತಾಳ. ಋಣ ತೀರಸಾಕ ಬಂದಾಕಿಗೆ ಸೂಟಿ ಎಲ್ಲಿಂದ ಬಂತು? ಒಬ್ಬರು ಎಸಿ ಬೋಗಿ, ಉಳದವ್ರು ಸ್ಲೀಪರ್ ಅನ್ನೂದಕ್ಕೂ ನನ್ನ ಒಪ್ಪಿಗಿ ಇಲ್ಲ. ಗಾಡಿ ಇಳದ ಮ್ಯಾಲೂ ಆ ಎರಡು ಬೋಗಿ ಹಂಗ ಉಳೀತಾವ.

ಇನ್ನ ಊರಿನ ಮಾತು. ನನ್ನ ಲೆಕ್ಕದಾಗ ಹುಬ್ಬಳ್ಳಿಯಿಂದ ಹೊರಟ್ರ ನಾಲ್ಕು ರಾತ್ರಿಗೆ ಮೂರು ಊರು ಸಾಕು: ಬದಾಮಿ, ವಿಜಯಪುರ, ಪಂಢರಪುರ. ಯಾಕಂದ್ರ ಮೂರೂ ಒಂದ ದಿಕ್ಕಿಗೆ ಅದಾವ. ಗದಗ ದಾಟಿದ್ರ ಬದಾಮಿ, ಬಾಗಲಕೋಟಿ, ವಿಜಯಪುರ, ಮುಂದ ಸೊಲ್ಲಾಪುರ. ಮೈಸೂರು–ಪಂಢರಪುರ ಗೋಲಗುಂಬಜ್ ಎಕ್ಸ್‌ಪ್ರೆಸ್ ಓಡೂದೂ ಇದ ಹಳಿ ಮ್ಯಾಲೆ. ಹಂಪಿ ಇದರಾಗ ಸೇರಸಬ್ಯಾಡ್ರಿ, ಅದು ಹೊಸಪೇಟಿ ಕಡೆ ಬ್ಯಾರೆ ದಿಕ್ಕು, ಬ್ಯಾರೆ ಸಲ. ತುಳಜಾಪುರದ ಅಂಬಾಬಾಯಿ ತಪ್ಪಿ ಹೋಗ್ತಾಳಲ್ಲ ಅಂತ ನಮ್ಮ ವೈನಿಗೆ ಬ್ಯಾಸರ ಐತಿ. ತಾಯಿ ಎಲ್ಲೂ ಹೋಗೂದಿಲ್ಲ ವೈನಿ, ಬರೂ ವರ್ಷಾನೂ ಅಲ್ಲೇ ಇರ್ತಾಳ.

ಮಾರ್ಗಶಿರ ಯಾಕ ಅಂದ್ರ, ದೀಪಾವಳಿ ಆದ ಮ್ಯಾಲೆ ಕಾರ್ತಿಕ ಏಕಾದಶಿಗೆ ಪಂಢರಪುರದಾಗ ಕಾಲು ಇಡಾಕ ಜಾಗಾ ಇರೂದಿಲ್ಲ. ಪುಷ್ಯದ ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರಿ, ಆವಾಗ ಬದಾಮ್ಯಾಗ ರೂಮ್ ಸಿಗೂದು ಕಷ್ಟ. ಎರಡರ ನಡುವಿನ ಮಾರ್ಗಶಿರ ತಂಪೂ ಇರ್ತೈತಿ, ಮಂದೀನೂ ಕಡಿಮಿ. ಆ ತಿಂಗಳಾಗೂ ಏಕಾದಶಿ ಬಿಟ್ಟು ಬ್ಯಾರೆ ದಿನ ನೋಡ್ರಿ. ವಿಠ್ಠಲನ ಪಾದಕ್ಕ ಹಣಿ ಹಚ್ಚೂ ಸಾಲು ಬ್ಯಾರೆ, ಬರೇ ಮುಖದರ್ಶನದ ಸಾಲು ಬ್ಯಾರೆ ಇರ್ತಾವ. ಮುಖದರ್ಶನದ ಸಾಲು ಲಗೂ ಸರೀತೈತಿ. ನಿಂದ್ರಾಕ ಆಗದಾಕಿ ಆ ಸಾಲಿಗೆ ಹೋದ್ರ ಪುಣ್ಯೇನು ಕಡಿಮಿ ಆಗೂದಿಲ್ಲ. ಮತ್ತ ಆಕಿ ಜೋಡಿ ಇನ್ನೊಬ್ಬಾಕಿ ಹೋಗ್ರಿ, ಒಬ್ಬಾಕಿನ್ನ ಕಳಸಬ್ಯಾಡ್ರಿ.

ಟಿಕೀಟಿನ ಬಗ್ಗೆ ನಮ್ಮವ್ರು ಮಾಡೂ ದೊಡ್ಡ ಕೆಲಸ ಅಂದ್ರ ಆರೂ ಮಂದಿದು ಒಂದ ಟಿಕೀಟು ತಗಿಯೂದು, ಎಲ್ಲಾರೂ ಒಂದ ಕಡೆ ಇರ್ತೀವಿ ಅಂತ. ಒಂದು ಟಿಕೀಟಿನ್ಯಾಗ ಆರು ಹೆಸರು ಹಿಡಿತಾವ ಖರೇ. ಆದ್ರ 45 ದಾಟಿದ ಹೆಣ್ಮಕ್ಕಳಿಗೆ ಕೆಳಗಿನ ಬರ್ತಿನ ಕೋಟಾ ಅಂತ ಬ್ಯಾರೆ ಐತಿ. ಅದು ಸಿಗೂದು ಒಂದು ಟಿಕೀಟಿನ್ಯಾಗ ಒಬ್ಬರು ಇಲ್ಲಾ ಇಬ್ಬರು ಇದ್ದಾಗ ಅಷ್ಟ, ಇಬ್ಬರೂ ಆ ವಯಸ್ಸು ದಾಟಿರಬೇಕು. ಮೂರನೇ ಹೆಸರು ಸೇರಿಸಿದ್ರ ಆ ಕೋಟಾ ಇಲ್ಲ. ಅದಕ್ಕ ನಾ ಹೇಳೂದು, ಇಬ್ಬಿಬ್ಬರಂಗ ಮೂರು ಟಿಕೀಟು ತಗೀರಿ. ಬೋಗಿ ಬ್ಯಾರೆ ಬ್ಯಾರೆ ಬಂದ್ರೂ ಬರ್ಬಹುದು, ಬರಲಿ. ರಾತ್ರಿ ಹತ್ತರಿಂದ ಮುಂಜಾನೆ ಆರರಮಟ ಮಲಗೂ ವ್ಯಾಳ್ಯಾ, ಆವಾಗ ಹರಟಿ ಹೊಡ್ಯೂದೇನೈತಿ? ಮೊಣಕಾಲು ನೋವಿನಾಕಿ ಮ್ಯಾಲಿನ ಬರ್ತಿಗೆ ಹತ್ತೂದನ್ನ ನೋಡೂ ಬದ್ಲಿ ಒಂದು ರಾತ್ರಿ ಬ್ಯಾರೆ ಬೋಗ್ಯಾಗ ಮಲಗೂದು ಭಾಳ ಚೊಲೋ. ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಯಾರು ಎಷ್ಟು ತರೂದು ಅಂತ ನಾವು ಮೂರು ಸಲ ಮೀಟಿಂಗ್ ಮಾಡ್ತೀವಿ, ಬರ್ತಿನ ಬಗ್ಗೆ ಒಂದು ಸಲಾನೂ ಇಲ್ಲ!

ಈಗ ರಿಸರ್ವೇಶನ್ 60 ದಿನ ಮೊದಲು ಚಾಲೂ ಆಗ್ತೈತಿ, ಮೊದಲಿನಂಗ 120 ಅಲ್ಲ. 58 ದಾಟಿದ ಹೆಣ್ಮಕ್ಕಳಿಗೆ ಅರ್ಧಾ ರಿಯಾಯಿತಿ ಇತ್ತಲ್ಲ, ಅದು 2020ರ ಮಾರ್ಚಿನ್ಯಾಗ ನಿಂತದ್ದು ತಿರುಗಿ ಬಂದಿಲ್ಲ. ಅದನ್ನ ಲೆಕ್ಕಕ್ಕ ಹಿಡಿಬ್ಯಾಡ್ರಿ. ಮೊದಲು ವಾಪಸ್ ಬರೂ ಟಿಕೀಟು ತಗೀರಿ. ಹೋಗೂ ಮುಂದ ಎಲ್ಲಾರಿಗೂ ಹುರುಪು ಇರ್ತೈತಿ, ಹೆಂಗರ ಹೋಗ್ತೀವಿ. ಬರೂ ಮುಂದ ದಣದಿರ್ತೀವಿ, ಆವಾಗ ವೇಟಿಂಗ್ ಲಿಸ್ಟ್ ಹಿಡಕೊಂಡು ನಿಂದ್ರೂದು ಆಗೂದಿಲ್ಲ. ಹುಬ್ಬಳ್ಳಿಯಿಂದ ಬದಾಮಿಗೆ ಸ್ಲೀಪರ್ ತಗಿಯೂದು ದಂಡ. ಸ್ಲೀಪರಿಗೆ ಕನಿಷ್ಠ 200 ಕಿಲೋಮೀಟರಿನ ರೊಕ್ಕ ಹಿಡಿತಾರ, ಬದಾಮಿ ಅಷ್ಟು ದೂರ ಇಲ್ಲ. ಹಗಲಿನ ಪ್ಯಾಸೆಂಜರ್ ಗಾಡಿಗೆ ಸಾದಾ ಟಿಕೀಟು ಸಾಕು, ಎಲ್ಲಾರೂ ಎದುರಾಬದುರಾ ಕುಂತು ಹರಟಿ ಹೊಡಕೊಂತ ಹೋಗಾಕೂ ಅದ ಸೈ.

ರಾತ್ರಿ ಗಾಡಿ ಇದ್ರ ತಾರೀಖು ಕಣ್ಣು ಬಿಟ್ಟು ನೋಡ್ರಿ. ಹದಿನೈದನೇ ತಾರೀಖು 00.20 ಅಂತ ಇದ್ರ ಹದಿನಾಲ್ಕರ ರಾತ್ರಿನ ಸ್ಟೇಶನ್ನಿಗೆ ಹೋಗಬೇಕು. ಗಾಡಿ ಎಲ್ಲಿ ನಿಲ್ತೈತಿ ಅನ್ನೂದನ್ನೂ ನೋಡ್ರಿ, ಬೈಪಾಸ್ ಹಳಿ ಆದ ಮ್ಯಾಲೆ ನಮ್ಮ ಕಡೆ ಕೆಲವು ಗಾಡಿ ದೊಡ್ಡ ಸ್ಟೇಶನ್ನಿಗೆ ಬರದ ಹೊರಗಿಂದ ಹೊರಗ ಹೋಗ್ತಾವ. ಇನ್ನ ನಮ್ಮ ಹುಬ್ಬಳ್ಳಿ ಸಿದ್ಧಾರೂಢ ಸ್ವಾಮಿಗಳ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ ಅಂತ ಹೆಮ್ಮಿ ಪಡ್ತೀವಿ. ಹೆಮ್ಮಿ ಖರೇ, ಆದ್ರ ಬೋಗಿ ಎಲ್ಲಿ ಬರ್ತೈತಿ ಅಂತ ಗೊತ್ತಿಲ್ಲದ ಈ ತುದಿಯಿಂದ ಆ ತುದಿಗೆ ಓಡಿದ್ರ ಟ್ರಿಪ್ ಅಲ್ಲೇ ಮುಗೀತೈತಿ. ಅರ್ಧಾ ತಾಸು ಮೊದಲು ಹೋಗಿ ಬೋಗಿ ನಂಬರಿನ ಬೋರ್ಡ್ ಕೆಳಗ ಕುಂದರ್ರಿ. ಪಿಎನ್ಆರ್ ನಂಬರ್ ಆರೂ ಮಂದಿ ಫೋನಿನ್ಯಾಗ ಇರಲಿ, ಒಂದು ಚೀಟ್ಯಾಗೂ ಬರದಿಡ್ರಿ. 139 ನಂಬರ್ ಎಲ್ಲಾರಿಗೂ ಬಾಯಿಪಾಠ ಇರಬೇಕು.

ಬದಾಮಿ ಸ್ಟೇಶನ್ ಊರಿಂದ ಸುಮಾರು ಐದು ಕಿಲೋಮೀಟರ್ ದೂರ, ಬನಶಂಕರಿ ಗುಡೀನೂ ಊರಿಂದ ಹೆಚ್ಚು ಕಡಿಮಿ ಅಷ್ಟ ದೂರ. ಮೊದಲನೇ ದಿನ ಬರೇ ಬನಶಂಕರಿ, ಸಂಜಿಮುಂದ ಅಗಸ್ತ್ಯ ಹೊಂಡದ ದಂಡಿ, ಸಾಕು. ಮರುದಿನ ಗುಹಿ. ನಾಲ್ಕು ಗುಹಿ ಒಂದರ ಮ್ಯಾಲೊಂದು ಅದಾವ, ಪಾವಟಿಗಿ ಹತ್ತಬೇಕು. ಹದಿನೆಂಟು ಕೈಯಿನ ನಟರಾಜ ಇರೂದು ಎಲ್ಲಾಕಿಂತ ಕೆಳಗಿನ ಮೊದಲನೇ ಗುಹಿಯಾಗ. ಆದ್ದರಿಂದ ಅಷ್ಟಕ್ಕ ನಿಂತಾಕೀನೂ ಬರೇಗೈಲೆ ಬಂದಂಗಲ್ಲ. ಹತ್ತಾಕ ಆಗಾಕಿ ಮೂರನೇ ಗುಹಿಮಟ ಹೋಗಿ ಬರಲಿ, ಅಲ್ಲಿ ಕ್ರಿ.ಶ. 578ರ ಶಾಸನ ಐತಿ.

ಮಧ್ಯಾಹ್ನ ಪಟ್ಟದಕಲ್ಲು, ಸುಮಾರು 22 ಕಿಲೋಮೀಟರ್. ಸರ್ಕಾರಿ ಬಸ್ಸಿಗೆ ನಮಗ ಶಕ್ತಿ ಯೋಜನ್ಯಾಗ ಟಿಕೀಟಿನ ರೊಕ್ಕ ಇಲ್ಲ, ಆಧಾರ್ ಕಾರ್ಡ್ ಕೈಯಾಗ ಇರಲಿ. (ಮಹಾರಾಷ್ಟ್ರಕ್ಕ ಹೋಗೂ ಬಸ್ಸಿಗೆ ಅದು ನಡಿಯೂದಿಲ್ಲ, ಅದಕ್ಕ ವಿಜಯಪುರದಿಂದ ಮುಂದ ರೈಲ ಬೇಕು.) ಅಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದರ ನೆನಪಿಗೆ. ಬಾಜೂಕ ಮಲ್ಲಿಕಾರ್ಜುನ ಗುಡಿ ಆಕಿ ತಂಗಿ ತ್ರೈಲೋಕ್ಯಮಹಾದೇವಿದು, ಆಕೀನೂ ಅದ ರಾಜನ ರಾಣಿ. ಅಕ್ಕ ತಂಗಿ ಸವತ್ಯಾರಾಗಿ ಕಟ್ಟಿಸಿದ ಗುಡಿ ಬಾಜೂಬಾಜೂಕ ನಿಂತಾವ. ಇಂಥಾದನ್ನ ಇಪ್ಪತ್ತು ಮಿನಿಟಿನ್ಯಾಗ ನೋಡಿ ಬಸ್ ಹತ್ರಿ ಅಂದ್ರ ಹೆಂಗ? ಐಹೊಳೆ ಬಿಡೂದಕ್ಕ ನನಗೂ ಜೀವ ಮಿಡಕ್ತೈತಿ. ಆದ್ರೂ ಬಿಡೂಣು.

ಬಾತ್‌ರೂಮಿನ ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮ ಹೆಣ್ಮಕ್ಕಳು ಹಾದ್ಯಾಗ ತ್ರಾಸ ಆಗ್ತೈತಿ ಅಂತ ಮುಂಜಾನಿಂದ ನೀರ ಕುಡಿಯೂದಿಲ್ಲ. ಮನಿಗೆ ಬಂದ ಮ್ಯಾಲೆ ಉರಿ, ಜ್ವರ, ಡಾಕ್ಟರು. ಇದಕ್ಕ ಔಷಧ ಪ್ಲಾನಿನ್ಯಾಗ ಐತಿ. ಎರಡು ತಾಸಿಗೊಮ್ಮೆ ಎಲ್ಲಿ ನಿಲ್ತೀವಿ, ಅಲ್ಲಿ ಶೌಚಾಲಯ ಐತೋ ಇಲ್ಲೋ ಅನ್ನೂದನ್ನ ಗುಡಿ ಹೆಸರಿನ ಬಾಜೂಕನ ಬರೀರಿ. ಬಸ್ಸಿಗಿಂತ ರೈಲು ನನಗ ಸೇರೂದು ಇದ ಒಂದು ಕಾರಣಕ್ಕ, ಉಳದದ್ದೆಲ್ಲಾ ಆಮ್ಯಾಲಿನ ಮಾತು.

ವಿಜಯಪುರದಾಗ ಗೋಲಗುಂಬಜ್ ಸ್ಟೇಶನ್ನಿಗೆ ಹತ್ರನ ಐತಿ. ಮುಂಜಾನೆ ಲಗೂನ ಹೋಗ್ರಿ, ಸಾಲಿ ಹುಡುಗ್ರು ಬಂದು ಚೀರಾಕ ಶುರು ಮಾಡಿದ ಮ್ಯಾಲೆ ಪಿಸುಮಾತಿನ ಗ್ಯಾಲರ್ಯಾಗ ಏನೂ ಕೇಳಸೂದಿಲ್ಲ. ಮ್ಯಾಲೆ ಹೋಗಾಕ ಮೂಲಿ ಮಿನಾರದೊಳಗಿನ ಇಕ್ಕಟ್ಟಿನ ಪಾವಟಿಗಿ, ಏಳು ಅಂತಸ್ತು, ಲಿಫ್ಟ್ ಇಲ್ಲ. ಹತ್ತದಾಕಿ ಕೆಳಗ ನಿಂತು ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟ ನೋಡಬಹುದು. ಆದ್ರ ಒಂದು ಮಾತು ಗಟ್ಟಿ ಹೇಳ್ತೀನಿ. ಕೆಳಗ ಕುಂತಾಕಿ ಉಡ್ಯಾಗ ಐದು ಮಂದಿ ಚೀಲ ಹಾಕಿ ಹೋಗಬ್ಯಾಡ್ರಿ. ಚೀಲ ಲಾಡ್ಜಿನ್ಯಾಗ ಇಟ್ಟು ಬರ್ರಿ. ಆಕೀನೂ ರೊಕ್ಕ ಕೊಟ್ಟು ನೋಡಾಕ ಬಂದಾಳ. ತೋಟದಾಗ ಅಡ್ಡಾಡಲಿ, ಚಹಾ ಕುಡೀಲಿ. ಆಮ್ಯಾಲೆ ಎಲ್ಲಾರೂ ಕೂಡಿ ಇಬ್ರಾಹಿಂ ರೋಜಾಕ್ಕ ಹೋಗ್ರಿ, ಅಲ್ಲಿ ಕಟ್ಟಿ ಅಷ್ಟ ಹತ್ತೂದು. ಕಲ್ಲಿನ್ಯಾಗ ಅಕ್ಷರ ಕೊರದದ್ದು ನೋಡಿದ್ರ ನಮ್ಮ ಕಸೂತಿ ನೆನಪಾಗ್ತೈತಿ.

ಕಡಿಮಿ ಕಾಲಿನಾಕಿ, ಕಡಿಮಿ ರೊಕ್ಕದಾಕಿ ಅಳತಿಗೆ ಇಳದ್ರ ಉಳದವ್ರಿಗೆ ಏನು ಸಿಕ್ಕಂಗಾತು ಅಂತ ನಮ್ಮ ಬಾಜೂ ಮನಿ ತಂಗಿ ಕೇಳಿದ್ಲು. ಆಕಿಗೆ ಇನ್ನೂ ನಲವತ್ತು, ಗುಡ್ಡ ಹತ್ತಾಕಿ, ಕೇಳೂದು ಸಹಜ. ಆಕಿಗೆ ಬೇಕಾದ್ರ ಎರಡು ಸಲ ಹತ್ತಿಳೀಲಿ, ಐಹೊಳೆಗೂ ಒಬ್ಬಾಕಿನ ಬಸ್ಸಿಗೆ ಹೋಗಿ ಬರಲಿ, ಯಾರು ಬ್ಯಾಡ ಅಂತಾರ? ಪುರಸೊತ್ತಿನ ಪ್ಲಾನಿನ್ಯಾಗ ಗಟ್ಟಿ ಇದ್ದಾಕಿ ಹೆಚ್ಚು ನೋಡಾಕ ಜಾಗಾ ಇರ್ತೈತಿ. ಅವಸರದ ಪ್ಲಾನಿನ್ಯಾಗ ನಿಧಾನ ಇದ್ದಾಕಿ ಕುಂದರಾಕ ಜಾಗಾ ಇರೂದಿಲ್ಲ.

ಡಬ್ಬಿ ನಮ್ಮ ಮನಿ ಪಡಸಾಲ್ಯಾಗ ಟಿವಿ ಬಾಜೂಕ ಇಟ್ಟೀನಿ, ಹಳೇ ಹಾರ್ಲಿಕ್ಸ್ ಡಬ್ಬಿ, ಮುಚ್ಚಳಕ್ಕ ತೂತು ಹೊಡದೈತಿ. ಬರೂ ಅಮಾಸಿ ಒಳಗ ಚೀಟಿ ಹಾಕ್ರಿ. ನೀಲಿ ಪೆನ್ ಅಲ್ಲೇ ಕಟ್ಟೀನಿ, ಎಲ್ಲಾರೂ ಅದರಲೇ ಬರೀರಿ. ಅಕ್ಷರದಾಗ ಬರಿಬ್ಯಾಡ್ರಿ, ಅಂಕಿ ಅಷ್ಟ ಬರೀರಿ. ನಮ್ಮ ನಮ್ಮ ಅಕ್ಷರ ನಮಗೆಲ್ಲಾರಿಗೂ ಗುರ್ತೈತಿ.