ಆಟ-ಪಾಟಗಳ ಹರಾಜು

2024ನೆಯ ಇಸವಿಯ ಆಗಸ್ಟ್ 31ನೆಯ ತಾರೀಖಿನಂದು ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನರು ಮನೆಯಲ್ಲಿಯೇ ಕುಳಿತು ಒಂದು ಸಾಲಿನಲ್ಲಿ ನಿಂತರು. ‘ಓಯಸಿಸ್’ ಎಂಬ ವಾದ್ಯಗೋಷ್ಠಿಯ ಸೋದರರು ಹದಿನೈದು ವರ್ಷಗಳ ಮನಸ್ತಾಪವನ್ನು ಬಿಟ್ಟು ಮತ್ತೆ ಕೂಡಿ ಹಾಡುವರೆಂಬ ಸುದ್ದಿ ಹಬ್ಬಿತ್ತು. ಟಿಕೀಟುಗಳ ಮಾರಾಟವೆಲ್ಲ ಗಣಕಯಂತ್ರದ ಮೂಲಕ ನಡೆಯತಕ್ಕದ್ದಾದ್ದರಿಂದ ಸಾಲೂ ಕಣ್ಣಿಗೆ ಕಾಣದ ಸಾಲೇ ಆಗಿತ್ತು. ಗಂಟೆಗಟ್ಟಲೆ ಕಾದು ತಮ್ಮ ಸರದಿ ಬಂದಾಗ ಅನೇಕರು ಕಂಡದ್ದೇನು? ಸುಮಾರು 150 ಪೌಂಡೆಂದು ತಿಳಿದಿದ್ದ ನಿಲುಜಾಗಕ್ಕೆ 355 ಪೌಂಡು ಕೇಳುತ್ತಿದ್ದರು. ಕೊಳ್ಳುವುದೋ ಬಿಡುವುದೋ ಎಂದು ಯೋಚಿಸಲು ಇದ್ದದ್ದು ಕೆಲವೇ ನಿಮಿಷ. ಅಗ್ಗದ ಟಿಕೀಟುಗಳನ್ನು ಮೊದಲು ಮಾರಿ, ಅವು ತೀರಿದೊಡನೆ ಅದೇ ಬಗೆಯ ನಿಲುಜಾಗವನ್ನು ಹೆಚ್ಚಿನ ದರಕ್ಕೆ ಹೊರಗೆ ಬಿಟ್ಟಿದ್ದರೆಂದೂ, ಈ ಸಂಗತಿಯನ್ನು ಸಾಲಿನಲ್ಲಿದ್ದವರಿಗೆ ಸರಿಯಾಗಿ ತಿಳಿಸಿರಲಿಲ್ಲವೆಂದೂ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದವರು ವಿಚಾರಣೆ ಮಾಡಿ ಹೇಳಿದರು. ಇನ್ನು ಮುಂದೆ ಇಂಥ ಎರಡು ದರಗಳಿದ್ದರೆ ಮುಂಚಿತವಾಗಿ ತಿಳಿಸುತ್ತೇವೆಂದು ಟಿಕೆಟ್‌ಮಾಸ್ಟರ್ ಕಂಪೆನಿಯವರು 2025ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡರು. ಕತ್ತು ಕೊಯ್ಯುವುದನ್ನು ನಿಲ್ಲಿಸುತ್ತೇವೆಂದಲ್ಲ. ಹಿಂದಿನ ದಿನವೇ ಹೇಳಿ ಕೊಯ್ಯುತ್ತೇವೆಂದು.

ಈ ವ್ಯಾಪಾರವನ್ನು ಸಮರ್ಥಿಸುವ ಪಂಡಿತರಿಗೆ ಕೊರತೆಯಿಲ್ಲ. ಅವರ ವಾದ ಸರಳವಾದುದು. ಬೇಡಿಕೆ ಹೆಚ್ಚಿದರೆ ಬೆಲೆ ಏರುವುದು ಅರ್ಥಶಾಸ್ತ್ರದ ನಿಯಮ. ಅದನ್ನು ಆಕ್ಷೇಪಿಸುವುದು ಆಷಾಢದ ಗಾಳಿಯನ್ನು ಬೈದಂತೆ. ಗಾಯಕನು ಕಡಿಮೆ ದರಕ್ಕೆ ಮಾರಿದರೆ ಕಾಳಸಂತೆಯ ದಲ್ಲಾಳಿ ಅದನ್ನೇ ಕೊಂಡು ಮೂರು ಪಟ್ಟು ದರಕ್ಕೆ ಮಾರುತ್ತಾನೆ. ಆ ಲಾಭ ದಲ್ಲಾಳಿಗೆ ಹೋಗುವುದರ ಬದಲು ಹಾಡಿದವನಿಗೇ ಸೇರಲಿ ಎಂಬುದು ಅವರ ಎರಡನೆಯ ಮಾತು. ಮೊದಲನೆಯದಕ್ಕಿಂತ ಈ ಎರಡನೆಯದು ಗಟ್ಟಿಯಾದುದೆಂದು ಒಪ್ಪಬೇಕು. ಆದರೆ ದಲ್ಲಾಳಿಯನ್ನು ತಡೆಯಲು ಬೇರೆ ಉಪಾಯವಿಲ್ಲದಿದ್ದರಷ್ಟೇ ಅದು ನಿಂತೀತು. ಮುಖಬೆಲೆಗಿಂತ ಹೆಚ್ಚಿಗೆ ಟಿಕೀಟನ್ನು ಮರುಮಾರಾಟ ಮಾಡಕೂಡದೆಂದು ಐರ್ಲೆಂಡಿನವರು 2021ರಲ್ಲಿ ಕಾಯಿದೆಯನ್ನೇ ಮಾಡಿದರು. ಕಳ್ಳನು ಬರುವನೆಂದು ಮನೆಯೊಡೆಯನೇ ಮನೆಯ ಕೊಳ್ಳೆಗೆ ಹೊರಡುವುದು ಯಾವ ನ್ಯಾಯ?

ಇನ್ನು ಆ ‘ನಿಯಮ’ದ ವಿಷಯ. ಅಕ್ಕಿ, ಬೆಲ್ಲ, ಕಬ್ಬಿಣಗಳಿಗೆ ಹೊಂದುವ ನಿಯಮವು ಕಾಲ್ಚೆಂಡಿನ ಪಂದ್ಯಕ್ಕೂ ಸಂಗೀತದ ಕಚೇರಿಗೂ ಹೊಂದುವುದೆಂದು ಇವರಿಗೆ ಹೇಳಿದವರಾರು? ಅಕ್ಕಿಯನ್ನು ಕೊಂಡವನು ಅಕ್ಕಿಯನ್ನು ಬೆಳೆಯುವುದಿಲ್ಲ. ಪಂದ್ಯಕ್ಕೆ ಬಂದವನಾದರೋ ತಾನು ನೋಡಲು ಬಂದುದರಲ್ಲಿ ಅರ್ಧವನ್ನು ತಾನೇ ತಂದಿರುತ್ತಾನೆ. ಐವತ್ತು ಸಾವಿರ ಕೊರಳುಗಳು ಒಮ್ಮೆಲೇ ಎತ್ತಿದ ಧ್ವನಿಯಿಲ್ಲದಿದ್ದರೆ ಇಪ್ಪತ್ತೆರಡು ಮಂದಿ ಹುಲ್ಲಿನ ಮೇಲೆ ಓಡಾಡುವುದರಲ್ಲಿ ಏನು ಸ್ವಾರಸ್ಯ? ಇದು ಬರಿಯ ಅಲಂಕಾರದ ಮಾತಲ್ಲ. 2020ರಲ್ಲಿ ಕೋವಿಡ್ ಪಿಡುಗಿನ ಕಾಲಕ್ಕೆ ಇಂಗ್ಲೆಂಡಿನಲ್ಲಿ ಬರಿದಾದ ಮೈದಾನಗಳಲ್ಲಿ ಆಟ ನಡೆಯಿತು. ಆಗ ದೂರದರ್ಶನದ ಕಂಪೆನಿಗಳು ಹಿಂದೆಂದೋ ಮುದ್ರಿಸಿಟ್ಟಿದ್ದ ಜನಘೋಷವನ್ನು ತಂದು ಆಟದ ಚಿತ್ರಕ್ಕೆ ಜೋಡಿಸಿ ಮಾರಿದುವು. ಯಾರ ಕೂಗಿಲ್ಲದೆ ಸರಕು ಮಾರಾಟವಾಗದೋ, ಆ ಕೂಗುವವರಿಂದಲೇ ಕೂಗಿದ್ದಕ್ಕಾಗಿ ದಿನೇ ದಿನೇ ಹೆಚ್ಚಿನ ಕಾಣಿಕೆ ಕೇಳುವುದು ಈ ವರ್ತಕರ ಜಾಣತನ. ಕನ್ನಡ ನಾಡಿನ ಯಾವ ಹಳ್ಳಿಯಲ್ಲಾಗಲಿ ತೇರಿನ ಹಗ್ಗವನ್ನು ಹಿಡಿಯುವ ಜಾಗವನ್ನು ಹರಾಜು ಹಾಕಿ, ಹೆಚ್ಚಿಗೆ ಕೂಗಿದವರಿಗೆ ಮಾತ್ರ ಕೊಟ್ಟರೆ ತೇರು ಎಷ್ಟು ದೂರ ಸಾಗೀತೆಂಬುದನ್ನು ವಾಚಕರೇ ಊಹಿಸಬಹುದು.

ಇಂಗ್ಲೆಂಡಿನ ಹಿರಿಯರಿಗೆ ಈ ವಿವೇಕವು ಇಲ್ಲದಿರಲಿಲ್ಲ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡಬಹುದೆಂದು ಒಪ್ಪಿದ ಬಳಿಕ ಕ್ಲಬ್ಬುಗಳು ಒಂದೊಂದಾಗಿ ಕಂಪೆನಿಗಳಾದುವು. ಅವು ಹಣ ಮಾಡುವ ಯಂತ್ರಗಳಾಗದಂತೆ ಫುಟ್‌ಬಾಲ್ ಅಸೋಸಿಯೇಷನ್ನಿನವರು ಒಂದು ಕಟ್ಟಳೆ ಮಾಡಿದ್ದರು. ಅದು ಮುಂದೆ 34ನೆಯ ನಿಯಮವೆಂದು ಹೆಸರಾಯಿತು. ಷೇರುದಾರರಿಗೆ ಕೊಡುವ ಲಾಭಾಂಶಕ್ಕೆ ಮಿತಿ, ನಿರ್ದೇಶಕರಿಗೆ ಸಂಬಳವಿಲ್ಲ, ಕ್ಲಬ್ಬು ಮುಚ್ಚಿದರೆ ಅದರ ಆಸ್ತಿ ಷೇರುದಾರರ ಜೇಬಿಗಲ್ಲ, ಬೇರೆ ಕ್ರೀಡಾಸಂಸ್ಥೆಗಳಿಗೋ ಧರ್ಮಕಾರ್ಯಕ್ಕೋ ಸೇರತಕ್ಕದ್ದು. ಕ್ಲಬ್ಬಿನ ಒಡೆಯರು ಒಡೆಯರಲ್ಲ, ಧರ್ಮದರ್ಶಿಗಳು ಎಂಬುದೇ ಇದರ ತಾತ್ಪರ್ಯ. 1983ರಲ್ಲಿ ಟಾಟೆನ್‌ಹ್ಯಾಮ್ ಕ್ಲಬ್ಬಿನವರು ಕ್ಲಬ್ಬಿನ ಮೇಲೊಂದು ಬೇರೆ ಕಂಪೆನಿಯನ್ನು ಕಟ್ಟಿ, ನಿಯಮವು ಕ್ಲಬ್ಬಿಗೆ ಅನ್ವಯಿಸುತ್ತದೆಯೇ ಹೊರತು ಈ ಕಂಪೆನಿಗಲ್ಲವೆಂದು ಷೇರು ಪೇಟೆಗೆ ಇಳಿದರು. ನಿಯಮವನ್ನು ಕಾಯಬೇಕಾದವರು ಸುಮ್ಮನಿದ್ದರು. ಬೇಲಿಗೆ ಕಂಡಿ ಬಿದ್ದ ಮೇಲೆ ಉಳಿದ ದನಗಳು ಹೊರಗೆ ನಿಂತಾವೆಯೆ? ಅದೇ ವರ್ಷದಿಂದ ಪಂದ್ಯದ ಪ್ರವೇಶಧನದಲ್ಲಿ ಅತಿಥಿ ತಂಡಕ್ಕೆ ಪಾಲು ಕೊಡುವ ಹಳೆಯ ಪದ್ಧತಿಯೂ ನಿಂತುಹೋಯಿತು. 1992ರಲ್ಲಿ 22 ದೊಡ್ಡ ಕ್ಲಬ್ಬುಗಳು 104 ವರ್ಷಗಳ ಹಳೆಯ ಲೀಗನ್ನು ತೊರೆದು, ದೂರದರ್ಶನದ ಹಣವನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಸಲುವಾಗಿ ಪ್ರೀಮಿಯರ್ ಲೀಗನ್ನು ಕಟ್ಟಿದುವು. ಅಂದಿನ ಒಪ್ಪಂದ ಐದು ವರ್ಷಗಳಿಗೆ 30 ಕೋಟಿ 40 ಲಕ್ಷ ಪೌಂಡು. 2025ರಿಂದ ಮೊದಲಾದ ನಾಲ್ಕು ವರ್ಷಗಳ ಒಪ್ಪಂದ, ಬ್ರಿಟನ್ ಒಂದರಲ್ಲೇ, 670 ಕೋಟಿ ಪೌಂಡು.

ಇಷ್ಟು ಹೊನ್ನು ಸುರಿದ ಮೇಲೆ ಬಾಗಿಲಿನಲ್ಲಿ ನಿಂತವನಿಗೆ ದರ ಇಳಿಯಬೇಕಲ್ಲವೆ? ಹಾಗಾಗಲಿಲ್ಲ. 1989ರ ಹಿಲ್ಸ್‌ಬರೋ ದುರಂತದಲ್ಲಿ 97 ಮಂದಿ ಪ್ರಾಣ ತೆತ್ತರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು 1990ರಲ್ಲಿ ಕೊಟ್ಟ ವರದಿಯಲ್ಲಿ ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನ ಮಾಡಿಸಬೇಕೆಂದರು. ಆಸನದ ನೆಪದಲ್ಲಿ ದರ ಏರಿಸಕೂಡದೆಂಬುದನ್ನೂ ಅವರು ಮರೆಯಲಿಲ್ಲ. ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಕುಳಿತು ನೋಡಲು 6 ಪೌಂಡು, ನಿಂತು ನೋಡಲು 4 ಪೌಂಡು ಇರುವುದನ್ನು ಮಾದರಿಯಾಗಿ ತೋರಿಸಿದರು. ಕ್ಲಬ್ಬುಗಳು ವರದಿಯ ಮೊದಲರ್ಧವನ್ನು ಶಿರಸಾ ವಹಿಸಿದುವು. ಎರಡನೆಯರ್ಧವು ಅವುಗಳ ಕಣ್ಣಿಗೆ ಬೀಳಲೇ ಇಲ್ಲ.

ಹಿಂದಿನದೆಲ್ಲ ಕೃತಯುಗವಾಗಿತ್ತೆಂದು ಇದರ ಅರ್ಥವಲ್ಲ. 1901ರಿಂದ 1961ರವರೆಗೆ ಆಟಗಾರನ ವಾರದ ಸಂಬಳಕ್ಕೆ ಮೇಲ್ಮಿತಿಯಿತ್ತು. ಕೊನೆಯಲ್ಲಿ ಅದು 20 ಪೌಂಡು. ಮೈದಾನ ತುಂಬಿಸಿದವನಿಗೆ ಇಪ್ಪತ್ತು ಪೌಂಡು ಕೊಟ್ಟು, ಕ್ಲಬ್ಬು ಬಿಟ್ಟು ಹೋಗುತ್ತೇನೆಂದರೆ ಬಿಡದೆ ಕಟ್ಟಿಹಾಕುವುದು ಜೀತವಲ್ಲದೆ ಮತ್ತೇನು? 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯದಲ್ಲಿ ಗೆದ್ದದ್ದು, 1995ರಲ್ಲಿ ಬೆಲ್ಜಿಯಮ್ಮಿನ ಬೋಸ್‌ಮನ್ ಗೆದ್ದದ್ದು ಧರ್ಮವಾಗಿಯೇ ಆಯಿತು. ದುಡಿದವನಿಗೆ ಕೂಲಿ ಸಲ್ಲಲಿ. ವಿದ್ವಾಂಸನಿಗೆ ಸಂಭಾವನೆ ಸಲ್ಲಲಿ. ಆಕ್ಷೇಪವಿರುವುದು ದುಡಿಯುವವನ ಮೇಲಲ್ಲ, ಆಡದೆ ಹಾಡದೆ ನಡುವೆ ಕುಳಿತು ಎರಡು ಕಡೆಯಿಂದಲೂ ಉಣ್ಣುವವನ ಮೇಲೆ.

ಇಂಥವರ ಕೈಚಳಕಕ್ಕೆ ಎರಡು ನಿದರ್ಶನಗಳು ಸಾಕು. 2005ರಲ್ಲಿ ಅಮೆರಿಕದ ಒಂದು ಕುಟುಂಬದವರು ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡರು. ಹಣದಲ್ಲಿ ಬಹುಪಾಲು ಸಾಲ. ಆ ಸಾಲದ ದೊಡ್ಡ ಹೊರೆ ಬಿದ್ದದ್ದು ಅಲ್ಲಿಯವರೆಗೆ ಸಾಲವಿಲ್ಲದೆ ನಡೆಯುತ್ತಿದ್ದ ಕ್ಲಬ್ಬಿನ ತಲೆಯ ಮೇಲೆಯೇ! ಹಸುವನ್ನು ಕೊಂಡ ಸಾಲವನ್ನು ಹಸುವಿನ ಕೊಂಬಿಗೆ ಕಟ್ಟಿ, ಬಡ್ಡಿಯನ್ನು ಹಾಲಿನಲ್ಲಿ ಕರೆದುಕೊಂಡಂತಾಯಿತು. ಅದೇ ಪ್ರಾಂತದಲ್ಲಿ ಬರಿ ಎಂಬ ಊರಿದೆ. 1885ರಲ್ಲಿ ಹುಟ್ಟಿದ ಅಲ್ಲಿಯ ಕ್ಲಬ್ಬು 1900ರಲ್ಲಿಯೂ 1903ರಲ್ಲಿಯೂ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದದ್ದು, ಎರಡನೆಯ ಬಾರಿ ಡಾರ್ಬಿ ತಂಡದ ಮೇಲೆ 6-0. ಅದು ಸಾಲದಲ್ಲಿ ಮುಳುಗಿ, 2018ರ ಕೊನೆಯಲ್ಲಿ ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಮರುವರ್ಷದ ವಸಂತದಲ್ಲಿ ಆಟಗಾರರು ಗೆದ್ದು ತಂಡವನ್ನು ಮೇಲಿನ ವರ್ಗಕ್ಕೇರಿಸಿದರು. ಆದರೂ ಲೆಕ್ಕದ ಪುಸ್ತಕದಲ್ಲಿ ಸೋತದ್ದರಿಂದ ಆಗಸ್ಟ್ 27ರಂದು, ನೂರಿಪ್ಪತ್ತೈದು ವರ್ಷಗಳ ಸದಸ್ಯತ್ವ ಮುಗಿದು, ಲೀಗಿನಿಂದ ಹೊರಹಾಕಲ್ಪಟ್ಟಿತು. ಪಂದ್ಯ ನಡೆದೀತೆಂಬ ಆಸೆಯಿಂದ ಅಂದು ಊರಿನವರು ಪೊರಕೆ ಬಕೀಟುಗಳನ್ನು ಹಿಡಿದು ಮೈದಾನದ ಆಸನಗಳನ್ನು ತೊಳೆಯುತ್ತಿದ್ದರು. ಬೆಲೆಯ ನಿಯಮವನ್ನು ಪಠಿಸುವ ಪಂಡಿತರು ಆ ಪೊರಕೆಗಳಿಗೆ ಎಷ್ಟು ಬೆಲೆ ಕಟ್ಟಿಯಾರು? ಮತ್ತೆ ಆ ಹೆಸರಿನ ತಂಡವು ಆ ಮೈದಾನಕ್ಕೆ ಹಿಂತಿರುಗಿದ್ದು 2023ರಲ್ಲಿ, ಬಹಳ ಕೆಳಗಿನ ವರ್ಗದಲ್ಲಿ.

ಸಂಗೀತದ ಕಡೆಯ ಕಥೆಯೂ ಇದೇ ಜಾತಿಯದು. ವೇಷ ಮಾತ್ರ ಬೇರೆ. ಧ್ವನಿಮುದ್ರಣಗಳು ಪುಕ್ಕಟೆಯಂತೆ ಸಿಕ್ಕತೊಡಗಿದ ಮೇಲೆ ಗಾಯಕರ ಜೀವನವು ಪ್ರತ್ಯಕ್ಷ ಕಚೇರಿಗಳ ಮೇಲೆಯೇ ನಿಂತಿತು. ಹಣ ಹೋದದ್ದೆಲ್ಲಿಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಲೆಕ್ಕ ಹಾಕಿದಂತೆ, ಕಚೇರಿಗಳ ಒಟ್ಟು ಆದಾಯದಲ್ಲಿ ನೂರಕ್ಕೊಬ್ಬರಾದ ಅಗ್ರಗಣ್ಯರ ಪಾಲು 1982ರಲ್ಲಿ ಶೇಕಡ 26 ಇದ್ದದ್ದು 2003ರ ಹೊತ್ತಿಗೆ ಶೇಕಡ 56 ಆಗಿತ್ತು. ಉಳಿದ ತೊಂಬತ್ತೊಂಬತ್ತು ಮಂದಿ ಮಿಕ್ಕದ್ದನ್ನು ಹಂಚಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಹೊಸಬರು ಮೊದಲು ಹಾಡಿ ಕಲಿಯುವ ಸಣ್ಣ ಸಂಗೀತಶಾಲೆಗಳಲ್ಲಿ 125 ಶಾಲೆಗಳು 2023ರ ಒಂದು ವರ್ಷದಲ್ಲೇ ಮುಚ್ಚಿದುವೆಂದು ಅವುಗಳ ಹಿತರಕ್ಷಣೆಯ ಸಂಸ್ಥೆ ಹೇಳಿತು. ಬೀಜದ ಭತ್ತವನ್ನು ಕುಟ್ಟಿ ಉಂಡವನ ಬೇಸಾಯ ಇದು.

ಅಮೆರಿಕದಲ್ಲಿ 1994ರಲ್ಲಿಯೇ ‘ಪರ್ಲ್ ಜ್ಯಾಮ್’ ಗೋಷ್ಠಿಯವರು ತಮ್ಮ ಟಿಕೀಟಿಗೆ 18 ಡಾಲರು, ಮಾರುವವನ ಕೂಲಿಗೆ 1 ಡಾಲರು 80 ಸೆಂಟು ಸಾಕೆಂದು ಹಟ ಹಿಡಿದು, ಟಿಕೆಟ್‌ಮಾಸ್ಟರಿನ ಏಕಸ್ವಾಮ್ಯದ ಮೇಲೆ ದೂರು ಕೊಟ್ಟು, ಶಾಸನಸಭೆಯ ಮುಂದೆ ಸಾಕ್ಷ್ಯವನ್ನೂ ನುಡಿದರು. ಮರುವರ್ಷ ಸರಕಾರವು ವಿಚಾರಣೆಯನ್ನು ಮುಚ್ಚಿಬಿಟ್ಟಿತು. 2010ರಲ್ಲಿ ಅದೇ ಕಂಪೆನಿ ಕಚೇರಿಗಳನ್ನು ಏರ್ಪಡಿಸುವ ಲೈವ್ ನೇಷನ್ನಿನೊಡನೆ ಸೇರಿಕೊಳ್ಳಲು ಅದೇ ಸರಕಾರವು ಕೆಲವು ಷರತ್ತುಗಳೊಡನೆ ಒಪ್ಪಿಗೆ ಕೊಟ್ಟಿತು. ಈಗ ಗಾಯಕನ ವ್ಯವಹಾರ ನೋಡುವವನೂ, ಕಚೇರಿ ಏರ್ಪಡಿಸುವವನೂ, ಅನೇಕ ಕಡೆ ರಂಗಮಂದಿರದ ಒಡೆಯನೂ, ಬಾಗಿಲಲ್ಲಿ ಟಿಕೀಟು ಮಾರುವವನೂ ಒಬ್ಬನೇ. ಯಾರು ಯಾರೊಡನೆ ದರ ಚೌಕಾಶಿ ಮಾಡಬೇಕು? ಬೇಡಿಕೆ-ಪೂರೈಕೆಗಳ ಶಾಸ್ತ್ರ ಹೇಳುವವರು ಸ್ಪರ್ಧೆಯಿಲ್ಲದ ಕಡೆ ಆ ಶಾಸ್ತ್ರಕ್ಕೆ ಬಾಯಿಲ್ಲವೆಂಬುದನ್ನೂ ಹೇಳಬೇಕಷ್ಟೆ. 2024ರ ಮೇ ತಿಂಗಳಿನಲ್ಲಿ, ಒಪ್ಪಿಗೆ ಕೊಟ್ಟ ನ್ಯಾಯ ಇಲಾಖೆಯೇ ಅನೇಕ ರಾಜ್ಯಗಳೊಡನೆ ಕೂಡಿ ಆ ಕೂಟವನ್ನು ಒಡೆಯಬೇಕೆಂದು ದಾವೆ ಹೂಡಿತು. ಹದಿನಾಲ್ಕು ವರ್ಷಗಳು ಹಿಡಿದುವು.

ಗಾಯಕನ ಕೈಯಲ್ಲಿ ಏನೂ ಇಲ್ಲವೆಂಬ ನೆಪವೂ ನಿಜವಲ್ಲ. ‘ದಿ ಕ್ಯೂರ್’ ಗೋಷ್ಠಿಯ ರಾಬರ್ಟ್ ಸ್ಮಿತ್ 2023ರ ಅಮೆರಿಕ ಪ್ರವಾಸದಲ್ಲಿ ಏರಿಳಿಯುವ ದರ ಬೇಡವೆಂದರು. 20 ಡಾಲರಿಗೂ ಟಿಕೀಟು ಇಟ್ಟರು. ಆ ಇಪ್ಪತ್ತು ಡಾಲರಿನ ಮೇಲೆ ಕಂಪೆನಿಯವರು ಅದಕ್ಕೂ ಮೀರಿದ ಸುಂಕಗಳನ್ನು ಹೇರಿದಾಗ ಬಹಿರಂಗವಾಗಿ ಜಗಳವಾಡಿ, ಕೊಂಡವರಿಗೆ 5ರಿಂದ 10 ಡಾಲರುಗಳವರೆಗೆ ಹಿಂದಕ್ಕೆ ಕೊಡಿಸಿದರು. ಒಬ್ಬ ಮುದುಕ ಹಾಡುಗಾರನಿಗೆ ಸಾಧ್ಯವಾದುದು ಅವನಿಗಿಂತ ಹತ್ತು ಪಟ್ಟು ಬಲವುಳ್ಳವರಿಗೆ ಅಸಾಧ್ಯವೆ?

ಈ ಗಾಳಿ ಭಾರತಕ್ಕೂ ಬೀಸಿದೆ. 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ನಡೆದ ‘ಕೋಲ್ಡ್‌ಪ್ಲೇ’ ಕಚೇರಿಗಳ ಟಿಕೀಟು 2,500ರಿಂದ 35,000 ರೂಪಾಯಿ. ಮಾರಾಟವಾದ ದಿನವೇ ಮರುಮಾರಾಟದ ಕಟ್ಟೆಗಳಲ್ಲಿ ಲಕ್ಷಗಳ ಮಾತು ಕೇಳಿಬಂದಿತ್ತು. ಅದೇ ವರ್ಷದ ಡಿಸೆಂಬರ್ 13ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಮೈದಾನದಲ್ಲಿ ನಡೆದದ್ದಂತೂ ವಿಚಿತ್ರವೇ. 1911ರಲ್ಲಿ ಮೋಹನ್ ಬಾಗಾನಿನವರು ಬಿಳಿಯರ ಪಲ್ಟನ್ನಿನ ತಂಡವನ್ನು ಬರಿಗಾಲಿನಲ್ಲಿ ಸೋಲಿಸಿದ ನಗರ ಅದು. ಅಲ್ಲಿ ಸಾವಿರಾರು ರೂಪಾಯಿ ತೆತ್ತು ಬಂದವರು ಲಿಯೊನೆಲ್ ಮೆಸ್ಸಿಯನ್ನು ನೋಡಬೇಕಿತ್ತು. ಆತನ ಸುತ್ತ ಅಧಿಕಾರಸ್ಥರೂ ಅವರ ಪರಿವಾರದವರೂ ಮುತ್ತಿಕೊಂಡದ್ದರಿಂದ ಕಂಡದ್ದು ಅವರ ಬೆನ್ನುಗಳು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಆತನು ಹೊರಟುಹೋದನು. ಚೆಂಡಾಟವಿಲ್ಲ, ಏನೂ ಇಲ್ಲ. ಜನರು ಕುರ್ಚಿಗಳನ್ನು ಕಿತ್ತೆಸೆದರು. ಏರ್ಪಡಿಸಿದವನನ್ನು ಪೋಲೀಸರು ಹಿಡಿದರು. ಕುರ್ಚಿ ಮುರಿದದ್ದು ತಪ್ಪೇ ಸರಿ. ಆದರೆ ಆಟವನ್ನೇ ತೆಗೆದುಹಾಕಿ ಆಟಗಾರನ ನೆರಳನ್ನು ಮಾರಬಹುದೆಂಬ ಧೈರ್ಯ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಸೈನಿಕ ತಂಡಗಳ ಕೈಯಿಂದ ಕಿತ್ತು ತಂದವರು ಬೆಂಗಳೂರು ಮುಸ್ಲಿಮ್ಸ್ ತಂಡದವರು. ಅದೇ ಬೆಂಗಳೂರಿನ ಇಂದಿನ ಹೆಸರಾಂತ ಕ್ಲಬ್ಬು, ಬೆಂಗಳೂರು ಎಫ್.ಸಿ., 2025ರ ಆಗಸ್ಟಿನಲ್ಲಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಆಟಗಾರರು ಸೋತದ್ದರಿಂದಲ್ಲ. ದೇಶದ ಕಾಲ್ಚೆಂಡಾಟದ ವ್ಯಾಪಾರದ ಹಕ್ಕನ್ನು ಅಖಿಲ ಭಾರತ ಸಂಸ್ಥೆಯವರು 2010ರಲ್ಲಿ 15 ವರ್ಷಗಳಿಗೆ ಒಂದು ಕಂಪೆನಿಗೆ ಬರೆದುಕೊಟ್ಟಿದ್ದರು. ಆ ಪತ್ರದ ಅವಧಿ ತೀರುತ್ತ ಬಂತು, ಮುಂದಿನದು ಕುದುರಲಿಲ್ಲ, ಲೀಗು ಹೊತ್ತಿಗೆ ಸರಿಯಾಗಿ ಆರಂಭವಾಗಲಿಲ್ಲ. ಒಂದು ಕರಾರುಪತ್ರದ ಮೇಲೆ ದೇಶದ ಆಟವನ್ನೆಲ್ಲ ನಿಲ್ಲಿಸಿದರೆ, ಪತ್ರ ಹರಿದಂದು ಆಟವೂ ಹರಿಯುತ್ತದೆ.

ಬಂಡವಳವೆಂಬುದು ತಡೆಯಲಾಗದ ಪ್ರವಾಹವೆಂದು ಕೈಕಟ್ಟಿ ಕೂಡುವವರು ಜರ್ಮನಿಯ ಕಡೆ ನೋಡಲಿ. ಅಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಕೆಲವು ಅಪವಾದಗಳುಂಟು, ನಿಯಮ ನಿಂತಿದೆ. ಲೀಗಿನ ಆದಾಯದಲ್ಲಿ ಹೊರಗಿನ ಬಂಡವಳಗಾರರಿಗೆ ಪಾಲು ಕೊಡುವ ಯೋಜನೆ ಬಂದಾಗ ಪ್ರೇಕ್ಷಕರು ವಾರವಾರವೂ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನೆಸೆದು ಪಂದ್ಯಗಳನ್ನು ತಡೆದರು. 2024ರ ಫೆಬ್ರವರಿ 21ರಂದು ಯೋಜನೆಯೇ ಬಿದ್ದುಹೋಯಿತು. 2021ರ ಏಪ್ರಿಲ್ 18ರಂದು ಯೂರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮಗೆ ತಾವೇ ಕಟ್ಟಿಕೊಂಡ ‘ಸೂಪರ್ ಲೀಗು’ ಬೀದಿಗಿಳಿದ ಜನರ ಕೋಪಕ್ಕೆ ಎರಡು ದಿನ ತಾಳಲಿಲ್ಲ. 20ರ ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಕಾಲು ತೆಗೆದುವು.

ಅದಕ್ಕೂ ಮೊದಲು, 2016ರ ಫೆಬ್ರವರಿ 6ರಂದು, ಲಿವರ್‌ಪೂಲಿನ ಪ್ರೇಕ್ಷಕರು ಒಂದು ಕೆಲಸ ಮಾಡಿದ್ದರು. ಮುಂದಿನ ವರ್ಷದಿಂದ ಮೇಲ್ತರಗತಿಯ ಟಿಕೀಟಿಗೆ 77 ಪೌಂಡೆಂದು ಮಾಲಿಕರು ಸಾರಿದ್ದರು. ಸಂಡರ್‌ಲೆಂಡಿನೊಡನೆ ಆಟ ನಡೆಯುತ್ತಿದ್ದಾಗ 77ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರಟರು. ಆಗ ಅವರ ತಂಡ 2-0 ಮುಂದಿತ್ತು. ಉಳಿದ ಹದಿಮೂರು ನಿಮಿಷಗಳಲ್ಲಿ ಎದುರಾಳಿಗಳು ಎರಡು ಗೋಲು ಹೊಡೆದು ಸಮ ಮಾಡಿಕೊಂಡರು. ನಾಲ್ಕು ದಿನಗಳ ಮೇಲೆ ಮಾಲಿಕರು ಕ್ಷಮೆ ಕೇಳಿ, 77 ಪೌಂಡಿನ ಟಿಕೀಟನ್ನು ಕೈಬಿಟ್ಟು, ಎರಡು ವರ್ಷ ದರ ಏರಿಸುವುದಿಲ್ಲವೆಂದು ಬರೆದುಕೊಟ್ಟರು.