ಕಂಚಿನ ಸರ್ಪವನ್ನು ಒಡೆದದ್ದೇಕೆ?



ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನಲ್ಲಿಗೆ ಬಂದು ಕಣ್ಣೀರಿಟ್ಟರು. ಬೇರೊಂದು ಕ್ರೈಸ್ತ ಪಂಗಡದ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ್ದ ಅವರ ಮಗನು, ಮನೆಯ ಪೀಠದ ಮೇಲಿರುವ ಮಾತೆ ಮರಿಯಮ್ಮನವರ ಪ್ರತಿಮೆಯನ್ನು ತೆಗೆಯುವವರೆಗೆ ಆ ಮನೆಯಲ್ಲಿ ಊಟ ಮಾಡುವುದಿಲ್ಲವೆಂದು ಹಟ ಹಿಡಿದಿದ್ದನು. "ಸ್ವಾಮಿ, ಮದುವೆಯಾಗಿ ಬಂದಂದಿನಿಂದ ಅದರ ಮುಂದೆಯೇ ಜಪಸರ ಮಾಡಿದ್ದೇನೆ. ಅದೆಲ್ಲ ಪಾಪವೇ?" ಎಂಬುದು ಆ ತಾಯಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಆಕ್ಷೇಪಿಸುವವರೂ ಕ್ರಿಸ್ತನನ್ನು ಪ್ರೀತಿಸುವ ಸೋದರರೇ. ವಿಮೋಚನಾಕಾಂಡದ 20ನೆಯ ಅಧ್ಯಾಯವು ವಿಗ್ರಹಗಳನ್ನು ಮಾಡಿಕೊಂಡು ಅಡ್ಡಬೀಳುವುದನ್ನು ನಿಷೇಧಿಸಿರುವುದು ನಿಜ. ಆದರೆ ಅದೇ ಗ್ರಂಥದ 25ನೆಯ ಅಧ್ಯಾಯದಲ್ಲಿ ಒಡಂಬಡಿಕೆಯ ಮಂಜೂಷಕ್ಕೆ ಎರಡು ಬಂಗಾರದ ಕೆರೂಬಿಗಳನ್ನು ಮಾಡಿಸಬೇಕೆಂದು ಆಜ್ಞಾಪಿಸಿದವರೂ ಆ ದೇವರೇ. ಹಾಗಾದರೆ ನಿಷೇಧವಿರುವುದು ರೂಪಕ್ಕಲ್ಲ, ರೂಪವನ್ನು ದೇವರ ಸ್ಥಾನದಲ್ಲಿ ಕೂರಿಸುವುದಕ್ಕೆ.

ಈ ವಿವಾದವು ಹೊಸದೂ ಅಲ್ಲ. ಎಂಟನೆಯ ಶತಮಾನದಲ್ಲಿ ಬಿಜಾಂಟಿಯಂ ಚಕ್ರವರ್ತಿ ಮೂರನೆಯ ಲಿಯೋ ಪವಿತ್ರ ಚಿತ್ರಗಳ ವಿರುದ್ಧ ನಿಂತನು. 754ರಲ್ಲಿ ಹಿಯೇರಿಯಾದಲ್ಲಿ ಕೂಡಿದ ಬಿಷಪ್ಪರ ಸಭೆಯೂ ಅವುಗಳನ್ನು ಖಂಡಿಸಿತು. ಅಗೋಚರನಾದ ದೇವರನ್ನು ಬಣ್ಣದಲ್ಲಿ ಹಿಡಿದಿಡಲಾದೀತೇ ಎಂಬ ಅವರ ತರ್ಕವು ದುರ್ಬಲವಾದುದೇನಲ್ಲ. ಡಮಾಸ್ಕಸ್ಸಿನ ಸಂತ ಯೊವಾನ್ನರು ಇದಕ್ಕೆ ಉತ್ತರವಿತ್ತರು: ಅಗೋಚರನಾದ ದೇವರು ಕ್ರಿಸ್ತನಲ್ಲಿ ಮನುಷ್ಯನಾಗಿ ಗೋಚರನಾದನು, ಕಂಡ ಆ ಮುಖವನ್ನು ಚಿತ್ರಿಸುವುದು ತಪ್ಪಲ್ಲ. 787ರಲ್ಲಿ ನೈಸಿಯಾದ ಎರಡನೆಯ ಮಹಾಸಭೆಯು ಈ ವಾದವನ್ನು ಎತ್ತಿಹಿಡಿದು, ಆರಾಧನೆಯು ದೇವರೊಬ್ಬರಿಗೇ ಸಲ್ಲತಕ್ಕದ್ದು, ಚಿತ್ರಕ್ಕೆ ಸಲ್ಲುವುದು ಗೌರವ ಮಾತ್ರ, ಆ ಗೌರವವೂ ಚಿತ್ರವನ್ನು ದಾಟಿ ಚಿತ್ರಿತವಾದ ವ್ಯಕ್ತಿಯನ್ನು ಸೇರುತ್ತದೆ ಎಂದು ಬೋಧಿಸಿತು.

ತತ್ತ್ವಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸಂಕೇತವು ನಮ್ಮ ದೃಷ್ಟಿಯನ್ನು ತನ್ನಿಂದಾಚೆಗೆ ಕಳುಹಿಸುವವರೆಗೆ ಮಾತ್ರ ಸಂಕೇತ. ದೃಷ್ಟಿಯನ್ನು ತನ್ನಲ್ಲೇ ನಿಲ್ಲಿಸಿಕೊಂಡಾಗ ಅದು ಅಡ್ಡಗೋಡೆಯಾಗುತ್ತದೆ.

ಇಲ್ಲಿ ನಮ್ಮ ಆತ್ಮಪರೀಕ್ಷೆಯು ಆರಂಭವಾಗಬೇಕು. ಮೋಶೆಯು ದೇವರ ಅಪ್ಪಣೆಯಂತೆ ಕಂಚಿನ ಸರ್ಪವೊಂದನ್ನು ಮಾಡಿಸಿ ಕಂಬಕ್ಕೇರಿಸಿದ ವೃತ್ತಾಂತವು ಸಂಖ್ಯಾಕಾಂಡದಲ್ಲಿದೆ. ಅದನ್ನು ನೋಡಿದವರು ಬದುಕಿದರು. ನಾವು ಈ ಕಥೆಯನ್ನು ವಾದಕ್ಕೆ ಬಳಸುತ್ತೇವೆ, ಆದರೆ ಅದರ ಮುಂದಿನ ಭಾಗವನ್ನು ಮರೆಯುತ್ತೇವೆ. ಅರಸುಗಳ ಎರಡನೆಯ ಗ್ರಂಥದ 18ನೆಯ ಅಧ್ಯಾಯದಂತೆ, ಜನರು ಅದೇ ಸರ್ಪಕ್ಕೆ ಧೂಪಾರತಿ ಎತ್ತತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಒಡೆದು ಚೂರುಮಾಡಿದನು. ಮಾಡಿಸಿದವನನ್ನೂ ಒಡೆದವನನ್ನೂ ಶ್ರೀಗ್ರಂಥವು ಮೆಚ್ಚುತ್ತದೆ. ಸರ್ಪವು ಬದಲಾಗಿರಲಿಲ್ಲ, ನೋಡುವವರ ಕಣ್ಣು ಬದಲಾಗಿತ್ತು.

ನಮ್ಮ ಕಣ್ಣು ಹೇಗಿದೆ? ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಮೊಣಕಾಲೂರದೆ ನೇರವಾಗಿ ಸಂತರ ಪ್ರತಿಮೆಯ ಬಳಿಗೆ ಧಾವಿಸುವವರನ್ನು ನಾನು ದಿನವೂ ಕಾಣುತ್ತೇನೆ. ಬಲಿಪೂಜೆ ಮುಗಿಯುವ ಮುನ್ನವೇ ಹೊರಗೆ ಹೋಗಿ, ತೇರಿನ ಮೇಲಿನ ಸ್ವರೂಪವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಹಬ್ಬವು ಸಾರ್ಥಕವಾಯಿತೆಂದು ತಿಳಿಯುವವರೂ ಇದ್ದಾರೆ. ಪ್ರತಿಮೆಯೊಳಗೆ ಯಾವ ಶಕ್ತಿಯೂ ಇಲ್ಲ, ಅದರ ಮೇಲೆ ಭರವಸೆ ಇಡಬಾರದು ಎಂದು ಸ್ಪಷ್ಟವಾಗಿ ನುಡಿದದ್ದು 1563ರ ಟ್ರೆಂಟ್ ಮಹಾಸಭೆ, ಅಂದರೆ ನಮ್ಮ ಧರ್ಮಸಭೆಯೇ. ನಾವು ಆ ಬೋಧನೆಯನ್ನು ಬಾಳಿ ತೋರಿಸದೆ, ನೆರೆಯವರು ತಪ್ಪು ತಿಳಿದರೆಂದು ದೂರುವುದು ನ್ಯಾಯವೇ?

ಆ ತಾಯಿಗೆ ನಾನೆಂದೆ: "ಅಮ್ಮಾ, ನಿಮ್ಮ ಜಪವು ಪಾಪವಲ್ಲ. ಪ್ರತಿಮೆಯೂ ಇರಲಿ. ಆದರೆ ಅದರ ಪಕ್ಕದಲ್ಲಿ ಶ್ರೀಗ್ರಂಥವನ್ನೂ ತೆರೆದಿಡಿ." ಮಗನನ್ನೂ ಕರೆಸಿ ಮಾತನಾಡಿದೆ. ಗೋಡೆಯ ಮೇಲಿರುವ ತಂದೆಯ ಭಾವಚಿತ್ರಕ್ಕೆ ಪ್ರತಿ ವರ್ಷವೂ ಅವನೇ ಹಾರ ಹಾಕುತ್ತಾನೆ. ಅದು ಕಾಗದಕ್ಕೆ ಹಾಕಿದ ಹಾರವೇ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದನು. "ಆದರೆ ಅಪ್ಪನ ಬಳಿ ನಾನು ಏನನ್ನೂ ಬೇಡುವುದಿಲ್ಲ, ಫಾದರ್" ಎಂದನು. ಒಳ್ಳೆಯ ಉತ್ತರವೇ. ಮರಿಯಮ್ಮನವರನ್ನೂ ನಾವು ಬೇಡುವುದು ನಮಗಾಗಿ ಪ್ರಾರ್ಥಿಸಿರೆಂದು ಮಾತ್ರ ಎಂದು ವಿವರಿಸಿದೆ. ಅವನು ಪೂರ್ಣವಾಗಿ ಒಪ್ಪಲಿಲ್ಲ.

ಇಂದಿಗೂ ಅವನು ಪ್ರತಿಮೆಯ ಮುಂದೆ ಮೊಣಕಾಲೂರುವುದಿಲ್ಲ. ಆದರೆ ತಾಯಿಯ ಜಪಸರಕ್ಕೆ ಮುಂಚೆ ಶುಭಸಂದೇಶದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾನೆ. ಅನಂತರ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ವಾದದಲ್ಲಿ ಗೆಲ್ಲುವುದಕ್ಕಿಂತ ಇದು ದೇವರಿಗೆ ಹೆಚ್ಚು ಪ್ರಿಯವೆಂದು ನಾನು ನಂಬಿದ್ದೇನೆ.