ಊರಾಗ ಬೀಗ, ಪ್ಯಾಟ್ಯಾಗ ಬಾಡಿಗಿ

"ಊರಾಗ ಸ್ವಂತ ಮನಿ ಐತ್ರೀ, ಬೀಗ ಹಾಕೇವಿ. ಇಲ್ಲಿ ತಗಡಿನ ಖೋಲಿಗೆ ಬಾಡಿಗಿ ಕೊಟ್ಟು ಇದ್ದೇವಿ."

ಕೊಪ್ಪಳ, ಗಂಗಾವತಿಯ ಅಂಚಿನ ಓಣಿಗಳಲ್ಲಿ ನಾಲ್ಕು ಮಂದಿಯನ್ನು ಮಾತನಾಡಿಸಿ. ಒಬ್ಬರಾದರೂ ಹೀಗೆ ಹೇಳುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಹೊಲ ಮಳೆ ನಂಬಿದ್ದು. ಮಳೆ ಕೈಕೊಟ್ಟರೆ ಒಬ್ಬರು ಗಂಗಾವತಿಯ ಅಕ್ಕಿ ಗಿರಣಿಗೆ, ಇನ್ನೊಬ್ಬರು ಗಿಣಿಗೇರಿ ಸುತ್ತಲಿನ ಕಾರ್ಖಾನೆಗೆ, ಮತ್ತೊಬ್ಬರು ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳ ಕಾಲೇಜಿಗಾಗಿ ಪ್ಯಾಟಿಗೆ ಬಂದವರೂ ಇದ್ದಾರೆ.

ಬೀಗ ಹಾಕಿದ ಆ ಮನೆ ಎಷ್ಟೋ ಸಲ ಸರ್ಕಾರದ ಯೋಜನೆಯದೇ ಆಗಿರುತ್ತದೆ. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಪ್ರಧಾನ ಮಂತ್ರಿ ಆವಾಸ್: ಹೆಸರು ಹಲವು, ದಾರಿ ಒಂದೇ. ತಳಪಾಯ ಹಾಕಿ ಫೋಟೋ, ಲಿಂಟಲ್‌ಗೆ ಫೋಟೋ, ಛಾವಣಿಗೆ ಫೋಟೋ, ಆಮೇಲೆ ಕಂತು. ಗ್ರಾಮೀಣ ಆವಾಸ್‌ಗೆ ಗೊತ್ತು ಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಉಳಿದದ್ದಕ್ಕೆ ಸಾಲ. ಆ ಸಾಲ ತೀರಿಸಲು ಊರು ಬಿಡಬೇಕು. ಮನೆ ಕಟ್ಟಿಸಿದವರೇ ಅದರಲ್ಲಿ ಇರಲಾಗದ ಪರಿಸ್ಥಿತಿ ಇದು.

ಹಾಗಾದರೆ ಪ್ಯಾಟಿಯಲ್ಲಿ ಅವರಿಗೆ ಏನು ಸಿಗುತ್ತದೆ? ನಗರದ ಆವಾಸ್ ಯೋಜನೆಯಲ್ಲಿ ಸ್ವಂತ ಮನೆ ಬೇಕೆಂದರೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಹಿಂದಿನ 20 ವರ್ಷಗಳಲ್ಲಿ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಈ ನಿಯಮ ತಪ್ಪು ಎನ್ನುತ್ತಿಲ್ಲ. ಒಂದೂ ಮನೆ ಇಲ್ಲದವರು ಸಾಲಿನಲ್ಲಿ ನಿಂತಿರುವಾಗ ಒಂದೇ ಕುಟುಂಬಕ್ಕೆ ಎರಡು ಕೊಡುವುದು ನ್ಯಾಯವಲ್ಲ. ಆದರೆ ನಮ್ಮವರು ಕೇಳುತ್ತಿರುವುದು ಎರಡನೇ ಮನೆಯನ್ನಲ್ಲ. ದುಡಿಯುವಷ್ಟು ದಿನ ತಲೆ ಮೇಲೆ ಸೂರು, ನೀರು, ಶೌಚಾಲಯ, ಕೈಗೆಟುಕುವ ಬಾಡಿಗೆ.

ಪಡಿತರದ ವಿಷಯದಲ್ಲಿ ಸರ್ಕಾರ ಇದನ್ನು ಅರ್ಥ ಮಾಡಿಕೊಂಡಿದೆ. ಕಾರ್ಡು ಊರಿನದಾದರೂ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರಬಹುದು. ಬಡವರ ಅಕ್ಕಿ ಅವರ ಹಿಂದೆ ಬರುತ್ತದೆ, ಸೂರು ಮಾತ್ರ ಬರುವುದಿಲ್ಲ.

ದಾರಿ ಇಲ್ಲವೇ? ಇದೆ. 2020ರ ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ನಡೆದಿದ್ದನ್ನು ದೇಶ ನೋಡಿತು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಗರ ಆವಾಸ್ 2.0ರ ನಾಲ್ಕು ವಿಭಾಗಗಳಲ್ಲಿ ಬಾಡಿಗೆ ವಸತಿಯೂ ಒಂದು. ಸರ್ಕಾರದ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡಬಹುದು, ಹೊಸದಾಗಿ ಕಟ್ಟಿಯೂ ಕೊಡಬಹುದು. ಆದರೆ ನಮ್ಮಲ್ಲಿ ವಸತಿ ಅಂದರೆ ಇಂದಿಗೂ ನಿವೇಶನ, ಹಕ್ಕುಪತ್ರ, ಫಲಾನುಭವಿ ಪಟ್ಟಿ. ಹಕ್ಕುಪತ್ರ ಹಂಚುವಾಗ ವೇದಿಕೆ, ಹಾರ, ಫೋಟೋ ಇರುತ್ತವೆ. ಬಾಡಿಗೆ ಖೋಲಿಯ ಕೀಲಿ ಕೊಡುವಾಗ ಅವಿರುವುದಿಲ್ಲ. ಅದಕ್ಕೇ ಯಾರಿಗೂ ಆಸಕ್ತಿ ಇಲ್ಲವೇನೋ.

"ನಗರಸಭೆ ಬಾಡಿಗೆ ವಸೂಲಿ ಮಾಡುತ್ತಾ ಕೂರಬೇಕೇ?" ಎಂದು ಕೇಳುವವರಿದ್ದಾರೆ. ಬಸ್‌ಸ್ಟ್ಯಾಂಡು, ಮಾರ್ಕೆಟ್ಟಿನ ಹತ್ತಿರ ಅಂಗಡಿ ಮಳಿಗೆ ಕಟ್ಟಿಸಿ, ಹರಾಜು ಹಾಕಿ, ಬಾಡಿಗೆ ಪಡೆಯುವುದು ನಗರಸಭೆ, ಪುರಸಭೆಗಳಿಗೆ ಹೊಸದೇ? ಅಂಗಡಿಗೆ ಆಗುವುದು ಖೋಲಿಗೆ ಯಾಕೆ ಆಗಬಾರದು? ಬಾಡಿಗೆಯಿಂದ ಬಂದ ಹಣದಲ್ಲೇ ಸುಣ್ಣ, ಬಣ್ಣ, ನಲ್ಲಿ ರಿಪೇರಿ ಮಾಡಿಸಬಹುದು.

"ಖೋಲಿ ಕೊಟ್ಟರೆ ಹಳ್ಳಿ ಖಾಲಿ ಆಗುತ್ತದೆ" ಎಂಬುದು ಇನ್ನೊಂದು ಮಾತು. ಖೋಲಿ ನೋಡಿ ಯಾರೂ ಊರು ಬಿಡುವುದಿಲ್ಲ, ಹೊಟ್ಟೆಪಾಡಿಗೆ ಬಿಡುತ್ತಾರೆ. ಗಂಗಾವತಿ, ಕೊಪ್ಪಳದಲ್ಲೇ ಸೂರು ಸಿಕ್ಕರೆ ಬೆಂಗಳೂರು, ಗೋವಾಕ್ಕೆ ಹೋಗುವ ಕೆಲವರಾದರೂ ಜಿಲ್ಲೆಯಲ್ಲೇ ಉಳಿದಾರು. ಅಮಾವಾಸ್ಯೆಗೆ ಊರಿಗೆ ಹೋಗಿ ಮನೆಯ ಬೀಗ ತೆಗೆದು ಕಸ ಹೊಡೆದಾರು. ಹಾಗೆ ಊರಿನ ಮನೆಯೂ ಉಳಿಯುತ್ತದೆ.

ಮೊದಲು ಆಗಬೇಕಾದದ್ದು ಎಣಿಕೆ. ನಾಲ್ಕೂ ಪಟ್ಟಣಗಳಲ್ಲಿ ಸರ್ಕಾರಿ ವಸತಿ ಎಷ್ಟಿವೆ, ಎಷ್ಟು ಖಾಲಿ, ಎಷ್ಟು ಅರ್ಧಕ್ಕೆ ನಿಂತಿವೆ ಎಂಬ ಪಟ್ಟಿ ಹೊರಬರಲಿ. ಆಮೇಲೆ ಗಂಗಾವತಿ ಮತ್ತು ಕೊಪ್ಪಳದಲ್ಲಿ, ಕೆಲಸದ ಜಾಗಕ್ಕೆ ಹತ್ತಿರ, ಬಾಡಿಗೆ ವಸತಿಗೆ ಪ್ರಸ್ತಾವ ಹೋಗಲಿ. ಊರಾಚೆ ಐದು ಮೈಲಿ ದೂರದಲ್ಲಿ ಕಟ್ಟಿದರೆ ಉಳಿದ ಬಾಡಿಗೆ ಟಂಟಂ ಚಾರ್ಜಿಗೆ ಹೋಗುತ್ತದೆ.

ಇದನ್ನು ಕೇಳಬೇಕಾದವರು ಯಾರು? ಪ್ಯಾಟಿಯಲ್ಲಿ ಖೋಲಿ ಹಿಡಿದವರ ವೋಟು ಊರಲ್ಲೇ ಇರುತ್ತದೆ. ಹಾಗಾಗಿ ಅಲ್ಲಿನ ವಾರ್ಡ್ ಸದಸ್ಯರಿಗೆ ಅವರು ಕಾಣಿಸುವುದಿಲ್ಲ. ಆದರೆ ಕುಷ್ಟಗಿ, ಯಲಬುರ್ಗಾ ಶಾಸಕರಿಗೆ ಅವರು ಮತದಾರರೇ. ಜಿಲ್ಲಾ ಕೆಡಿಪಿ ಸಭೆಯಲ್ಲಿ ಆ ಶಾಸಕರು ಈ ಮಾತು ಎತ್ತಬಹುದು. ಮುಂದಿನ ಸಲ ಅವರು ನಿಮ್ಮೂರಿಗೆ ಬಂದಾಗ ಬೀಗ ಹಾಕಿದ ಮನೆಗಳ ಓಣಿಗೆ ಕರೆದುಕೊಂಡು ಹೋಗಿ. "ಈ ಮಂದಿ ಈಗ ಎಲ್ಲಿ ಮಲಗ್ತಾರ್ರೀ ಸಾಹೇಬ್ರ?" ಎಂದು ಅಲ್ಲೇ ಕೇಳಿ.